ಪೆಟ್ರೋಕೆಮಿಕಲ್ಸ್ ಅನ್ನೋ ಅರ್ಧ ಹೆಸರು

ನಮ್ಮ ಗುಡೂರಿನ ಕಡೆ ಮಗ್ಗದ ಸೀರೆ ಎಷ್ಟು ಹೆಸರುವಾಸಿಯೋ, ದಿನಾ ಉಡೋದಕ್ಕೆ ಪಾಲಿಯೆಸ್ಟರ್ ಅಷ್ಟೇ ಮಾಮೂಲು. ಆ ನೂಲಿನ ಮೂಲವಸ್ತು ಪ್ಯಾರಾಕ್ಸೈಲೀನ್ ನಮ್ಮ ರಾಜ್ಯದಲ್ಲೇ, ಮಂಗಳೂರಲ್ಲೇ ತಯಾರಾಗುತ್ತೆ.

ಎಂಆರ್‌ಪಿಎಲ್ ಸ್ಥಾಪನೆಯಾಗಿದ್ದು 1988ರಲ್ಲಿ. ‘ಪೆಟ್ರೋಕೆಮಿಕಲ್ಸ್’ ಹೆಸರಲ್ಲೇ ಇದ್ದರೂ ದುಡಿಮೆಯೆಲ್ಲ ಡೀಸೆಲ್, ಪೆಟ್ರೋಲ್, ಎಲ್‌ಪಿಜಿ, ಡಾಂಬರಿನದು. ಚೀಲ, ಕುರ್ಚಿಗೆ ಬೇಕಾದ ಪಾಲಿಪ್ರೊಪಿಲೀನ್ ಘಟಕ ಬಂದಿದ್ದು 2015ರಲ್ಲಿ. ಪ್ಯಾರಾಕ್ಸೈಲೀನ್ ತಯಾರಿಸುತ್ತಿದ್ದ ಒಎಂಪಿಎಲ್ ಇದರಲ್ಲಿ ವಿಲೀನವಾಗಿದ್ದು 2022ರಲ್ಲಿ.

ಪ್ಯಾರಾಕ್ಸೈಲೀನ್ ಮೊದಲು ಪಿಟಿಎ ಆಗಬೇಕು, ಆಮೇಲೆ ಪಾಲಿಯೆಸ್ಟರ್. ಅದೇ ಮಂಗಳೂರು ಎಸ್‌ಇಝಡ್‌ನಲ್ಲಿ ಜೆಬಿಎಫ್ 12.5 ಲಕ್ಷ ಟನ್ ಸಾಮರ್ಥ್ಯದ ಪಿಟಿಎ ಘಟಕ ಕಟ್ಟಿತು. ಅದು ಸಾಲದಲ್ಲಿ ಸಿಕ್ಕಿ ವರ್ಷಗಟ್ಟಲೆ ಬಾಗಿಲು ಹಾಕಿತ್ತು. 2023ರಲ್ಲಿ ಗೇಲ್ ಕೊಂಡುಕೊಂಡಿತು. ನಮ್ಮ ಐಟಿ ಭಾಷೇಲಿ ಹೇಳೋದಾದ್ರೆ, ಮಾಡ್ಯೂಲ್ ಎರಡೂ ರೆಡಿ, ಇಂಟಿಗ್ರೇಷನ್ನೇ ಆಗ್ಲಿಲ್ಲ.

ಇದನ್ನ ಬರೀ ಒಂದು ಕಂಪನಿಯ ದಿವಾಳಿ ಅಂತ ಬಿಡೋಕಾಗಲ್ಲ. ಈ ಎಸ್‌ಇಝಡ್‌ಗಾಗಿ ಕಳವಾರು, ಪೆರ್ಮುದೆಯಂಥ ಊರುಗಳ ಗದ್ದೆ ಹೋಗಿವೆ. ಕಚ್ಚಾವಸ್ತು ಹಡಗು ಹತ್ತಿದ್ರೆ ಕಂಪನಿಯ ಲೆಕ್ಕ ಸರಿಹೋಗಬಹುದು. ನೂಲು, ಬಟ್ಟೆ, ಪ್ಯಾಕಿಂಗ್‌ನಂಥ ಹತ್ತಾರು ಸಣ್ಣ ಉದ್ಯೋಗ ಹುಟ್ಟೋದು ಮಾತ್ರ ಸರಪಳಿಯ ಮುಂದಿನ ಕೊಂಡಿಯಲ್ಲಿ. ಟನ್ನು ಎಷ್ಟು ಅಂತ ಕೇಳಿದ್ದು ಸಾಕು. ಎಲ್ಲೀತನಕ ಅಂತ ಕೇಳೋಣ.