ಕರಿಷ್ಮಾ ಎಂಬ ಪದದ ಬೆನ್ನು ಹತ್ತಿ ಚೆನ್ನೈಗೆ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ‘ಕರಿಷ್ಮಾ’ ಪದದ ಮಳೆ ಸುರಿಯುತ್ತದೆ. ಇವರಿಗೆ ಅದು ಇದೆ, ಅವರಿಗೆ ಇಲ್ಲ. ನಮ್ಮ ಸಮುದಾಯದ ಸಭೆಗಳಲ್ಲಂತೂ ಇದು ದಿನನಿತ್ಯದ ಗೋಳು: ‘ನಮ್ಮಲ್ಲಿ ಕರಿಷ್ಮಾ ಇರೋ ನಾಯಕ ಒಬ್ಬನೂ ಇಲ್ಲ ನೋಡಿ.’ ನೀವೂ ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ಹೀಗೆ ಹೇಳುವಾಗ ನಾವು ಏನನ್ನು ಬೇಡುತ್ತಿದ್ದೇವೆ?

ಇಂಗ್ಲಿಷಿನ ಪದಕ್ಕೆ ಗ್ರೀಕ್ ಮೂಲ. ಅಲ್ಲಿ ಅದರ ಅರ್ಥ ಕೃಪೆಯಿಂದ ದೊರೆತ ವರ. ಸಂತ ಪೌಲನ ಪತ್ರಗಳಲ್ಲಿ ಬರುವುದು ಈ ಅರ್ಥದಲ್ಲೇ. ಉರ್ದುವಿನ ಕರಿಷ್ಮಾ ಬೇರೆಯದು, ಫಾರಸಿಯಿಂದ ಬಂದದ್ದು. ಮೊದಲು ಕಣ್ಸನ್ನೆ, ಬೆಡಗು, ಆಮೇಲೆ ಪವಾಡ. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಆದರೆ ಕನ್ನಡದ ಪತ್ರಕರ್ತ ಇಂಗ್ಲಿಷ್ ಪದವನ್ನು ಉರ್ದು ನಾಲಿಗೆಯಲ್ಲಿ ನುಡಿದುಬಿಟ್ಟ, ಪವಾಡದ ವಾಸನೆ ರಾಜಕೀಯಕ್ಕೂ ಅಂಟಿಕೊಂಡಿತು. (ಅದೇ ಹೆಸರಲ್ಲಿ ಒಂದು ಬೈಕೂ ಬಂತು, ಬಿಡಿ.)

ಪೌಲನ ಪದವನ್ನು ಅಧಿಕಾರದ ಚರ್ಚೆಗೆ ತಂದು ಪ್ರಸಿದ್ಧಗೊಳಿಸಿದವನು ಜರ್ಮನಿಯ ಮ್ಯಾಕ್ಸ್ ವೇಬರ್. 1920ರಲ್ಲಿ ತೀರಿಕೊಂಡ ಅವನ ವಿವರಣೆಯಲ್ಲಿ ಒಂದು ಮಾತನ್ನು ನಾವು ಮರೆತಿದ್ದೇವೆ: ಅನುಯಾಯಿಗಳು ಒಪ್ಪಿಕೊಂಡಷ್ಟು ಕಾಲ ಮಾತ್ರ ಅದು ಬಾಳುತ್ತದೆ, ಅವರಿಗೆ ಒಳಿತಾಗದಿದ್ದರೆ ಇಂಗಿಹೋಗುತ್ತದೆ. ಎಂದರೆ ಅರ್ಧ ಕೆಲಸ ನಂಬುವವರದ್ದು.

ಇದನ್ನು ನೋಡಲು ಚೆನ್ನೈಗಿಂತ ಒಳ್ಳೆಯ ಊರು ಸಿಗಲಾರದು. ಮರೀನಾ ತೀರದ ಎಂಜಿಆರ್ ಸಮಾಧಿಗೆ ಕಿವಿಯಿಟ್ಟು, ಒಳಗಿನ ಕೈಗಡಿಯಾರದ ಟಿಕ್‌ಟಿಕ್ ಕೇಳಿಸುತ್ತದೆ ಎನ್ನುವ ಜನ ಈಗಲೂ ಇದ್ದಾರೆ. ತುಪ್ಪಳದ ಟೋಪಿ, ಕಪ್ಪು ಕನ್ನಡಕ, 1967ರಲ್ಲಿ ಗುಂಡೇಟು ತಿಂದು ಕುತ್ತಿಗೆಗೆ ಬ್ಯಾಂಡೇಜ್ ಕಟ್ಟಿಕೊಂಡ ಚಿತ್ರ, 1984ರಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿದ್ದೇ ಗೆದ್ದ ಚುನಾವಣೆ. ವಿಮರ್ಶಕರು ಇದಕ್ಕೆಲ್ಲ ಒಂದೇ ಪದ ಹೇಳಿ ಕೈತೊಳೆದುಕೊಳ್ಳುತ್ತಾರೆ. ಹಾಗಾದರೆ 1982ರಲ್ಲಿ ಶುರುವಾದ ಮಧ್ಯಾಹ್ನದ ಊಟದ ಯೋಜನೆ ಎಲ್ಲಿ ಹೋಯಿತು? ಮಗುವಿನ ತಟ್ಟೆಗೆ ಬಿದ್ದ ಅನ್ನವನ್ನು ನೆನೆದು ಓಟು ಹಾಕಿದ ತಾಯಿಯನ್ನು ‘ಮೋಡಿಗೆ ಒಳಗಾದವಳು’ ಅಂದರೆ ಅದು ಆಕೆಯ ಬುದ್ಧಿಗೆ ಮಾಡುವ ಅವಮಾನ. ಎಂ.ಎಸ್.ಎಸ್. ಪಾಂಡಿಯನ್ 1992ರಲ್ಲಿ ಎಂಜಿಆರ್ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ ಬಡವರನ್ನು ಆ ಬಿಂಬ ಹೇಗೆ ಹಿಡಿದಿಟ್ಟಿತು ಎಂದು ತೋರಿಸುತ್ತದೆ. ಅದು ದೊಡ್ಡ ಕೆಲಸವೇ. ಆದರೂ ಬಲೆಗಿಂತ ಬಲೆಗೆ ಬಿದ್ದವರ ಲೆಕ್ಕಾಚಾರ ನನಗೆ ಮುಖ್ಯ ಅನ್ನಿಸುತ್ತದೆ.

ಇನ್ನೊಂದು ನೋಡಿ. ನಟನೆಯಲ್ಲಿ ಎಂಜಿಆರ್‌ಗಿಂತ ಎಷ್ಟೋ ಮೇಲೆ ಎಂದು ಎಲ್ಲರೂ ಒಪ್ಪುವ ಶಿವಾಜಿ ಗಣೇಶನ್ 1989ರಲ್ಲಿ ತಿರುವೈಯಾರಿನಲ್ಲಿ ಸೋತರು. ಬೆಂಗಳೂರಿನ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತ್ 2017ರ ಕೊನೆಯಲ್ಲಿ ರಾಜಕೀಯಕ್ಕೆ ಬರ್ತೀನಿ ಅಂದರು, 2020ರ ಕೊನೆಯಲ್ಲಿ ಇಲ್ಲ ಅಂದರು. ತೆರೆಯ ಮೇಲಿನ ಆಕರ್ಷಣೆಯೊಂದೇ ಸಾಕಾಗಿದ್ದರೆ ಹೀಗಾಗುತ್ತಿರಲಿಲ್ಲ.

ನಮ್ಮ ಪರಂಪರೆಯ ಮಾತಿಗೆ ಬರೋಣ. ನಮ್ಮಲ್ಲಿ ‘ಕರಾಮತ್’ ಇದೆ, ‘ಬರಕತ್’ ಇದೆ. ಎರಡೂ ಗ್ರೀಕ್ ಪದದ ಕೃಪೆಯ ಅರ್ಥಕ್ಕೆ ಹತ್ತಿರದವು. ಆದರೆ ವಲಿಯಾದವನು ಕರಾಮತನ್ನು ಮುಚ್ಚಿಡಬೇಕು ಎಂದು ಸೂಫಿ ಗುರುಗಳು ಹೇಳುತ್ತ ಬಂದಿದ್ದಾರೆ. ಪ್ರವಾದಿ (ಸ) ಸಂಗಾತಿಗಳ ನಡುವೆ ಕುಳಿತಿದ್ದಾಗ ಹೊರಗಿನಿಂದ ಬಂದ ಒಬ್ಬ, ನಿಮ್ಮಲ್ಲಿ ಮುಹಮ್ಮದ್ ಯಾರು ಎಂದು ಕೇಳಬೇಕಾಯಿತು ಎನ್ನುತ್ತದೆ ಬುಖಾರಿಯ ಹದೀಸ್. ಎತ್ತರದ ಪೀಠವಿಲ್ಲ, ಬೇರೆ ಉಡುಪಿಲ್ಲ. ಇಂಥ ಪರಂಪರೆಯವರು ನಾವು ಕಟೌಟ್ ಇಲ್ಲವಲ್ಲ ಎಂದು ಅಳುತ್ತಿದ್ದೇವೆ!

ಮರೀನಾದಿಂದ ತಿರುವಲ್ಲಿಕೇಣಿಗೆ ಬಹಳ ದೂರವೇನಿಲ್ಲ. ಅಲ್ಲಿಯ ವಾಲಾಜಾ ಮಸೀದಿಯ ಆವರಣದಲ್ಲಿ 1972ರಲ್ಲಿ ತೀರಿಕೊಂಡ ಖಾಯಿದೆ ಮಿಲ್ಲತ್ ಮುಹಮ್ಮದ್ ಇಸ್ಮಾಯಿಲ್ ಸಾಹೇಬರ ಕಬರ್ ಇದೆ. 1948ರಲ್ಲಿ, ದೇಶ ವಿಭಜನೆಯ ಗಾಯ ಹಸಿಯಾಗಿದ್ದಾಗ, ಮುಸ್ಲಿಂ ಲೀಗನ್ನು ಭಾರತದ ಪಕ್ಷವಾಗಿ ಕಟ್ಟಲು ಇದೇ ಮದ್ರಾಸಿನಲ್ಲಿ ಮುಂದೆ ನಿಂತವರು. ಪ್ರಾಚೀನತೆಯೇ ಅಳತೆಗೋಲಾದರೆ ತಮಿಳಿಗೆ ಹಕ್ಕಿದೆ ಎಂದು ಸಂವಿಧಾನ ಸಭೆಯಲ್ಲಿ ವಾದಿಸಿದವರು. ತಿರುನೆಲ್ವೇಲಿಯ ಈ ತಮಿಳರನ್ನು ಮಲಯಾಳದ ಮಂಜೇರಿ 1962, 1967, 1971ರಲ್ಲಿ ಮೂರು ಸಲ ಲೋಕಸಭೆಗೆ ಕಳಿಸಿತು. ಇದನ್ನು ಕರಿಷ್ಮಾ ಅನ್ನೋದಾ?

ನನಗೆ ಕನ್ನಡದ ‘ವರ್ಚಸ್ಸು’ ಹೆಚ್ಚು ಇಷ್ಟ. ವರ್ಚಸ್ಸು ಬೆಳೆಯುತ್ತದೆ, ಕುಂದುತ್ತದೆ, ಅದಕ್ಕೆ ಧಕ್ಕೆಯೂ ಆಗುತ್ತದೆ ಎಂದು ಪತ್ರಿಕೆಗಳೇ ಬರೆಯುತ್ತವೆ. ಅಂದರೆ ನಡತೆಯ ಜೊತೆ ಅದಕ್ಕೆ ಲೆಕ್ಕವಿದೆ. ಮುಂದಿನ ಸಭೆಯಲ್ಲಿ ಯಾರಾದರೂ ‘ಕರಿಷ್ಮಾ ಇರೋ ನಾಯಕ ಬೇಕು’ ಎಂದರೆ, ಆ ನಾಯಕ ನಮ್ಮ ಓಣಿಗೆ ಏನು ಮಾಡಿಕೊಡಬೇಕು ಅಂತ ಒಮ್ಮೆ ಕೇಳಿ ನೋಡಿ.