ವೇಷ ಕಳಚಿದ ಮೇಲಿನ ಜೋಪಾನ

ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಜಪಾನಿನ ಡಿಜಿಟಲ್ ಗಾಯಕಿ ಹತ್ಸುನೆ ಮಿಕು ವೇಷದವರು ಎದುರಾದರೆ ಕಣ್ಣು ಹೋಗುವುದು ಮೊಣಕಾಲು ದಾಟಿ ಇಳಿಬಿದ್ದ ಹಸಿರುನೀಲಿ ಜುಟ್ಟುಗಳ ಮೇಲೆ. ನನಗೆ ಅದಕ್ಕಿಂತ ಮೆಚ್ಚುಗೆ, ಮನೆಗೆ ಹೋದ ಮೇಲೆ ಆ ವಿಗ್‌ಗೆ ನಡೆಯುವ ಉಪಚಾರ.

ಪಾತ್ರಗಳ ವೇಷ ತೊಡುವ ಈ ಕಾಸ್‌ಪ್ಲೇ ಹವ್ಯಾಸದ ವಿಗ್‌ಗಳು ಹೆಚ್ಚಾಗಿ ಸಿಂಥೆಟಿಕ್ ಎಳೆಯವು. ನಮ್ಮ ಕೂದಲಿಗೆ ಬುಡದಿಂದ ಎಣ್ಣೆ ಒಸರುತ್ತದೆ. ಇವಕ್ಕೆ ಆ ರಕ್ಷಣೆಯಿಲ್ಲ. ಕತ್ತು, ಭುಜಕ್ಕೆ ಉಜ್ಜಿದ ಕಡೆಯೆಲ್ಲ ಸಿಕ್ಕು. ಅದನ್ನು ಬಿಡಿಸುವುದೇ ಒಂದು ಕಲೆ: ಒಂದೊಂದೇ ಹಿಡಿ ಕೂದಲನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಶುರುಮಾಡಿ, ನಿಧಾನವಾಗಿ ಬುಡದತ್ತ ಏರಬೇಕು. ಜಗ್ಗಿದರೆ ವಿಗ್‌ನ ಒಳಟೋಪಿಗೆ ಹೊಲಿದ ಎಳೆಗಳೇ ಕಿತ್ತುಬರುತ್ತವೆ. ತೊಳೆಯಲು ತಣ್ಣೀರು, ತುಸು ಶಾಂಪೂ. ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಬೇಕು.

ಎತ್ತಿಡುವಾಗ ಉದ್ದ ಕೂದಲಿಗೆ ಸಡಿಲ ಜಡೆ, ಮೇಲೊಂದು ಬಲೆ, ಚೀಲ, ಬಿಸಿಲು ತಾಗದ ಕಪಾಟು. ಸ್ಪ್ರೇ ಹಾಕಿ ಮುಳ್ಳಿನಂತೆ ನಿಲ್ಲಿಸಿದ, ಅನಿಮೆ ನಾಯಕ ಗೋಕುವಿನ ಕೂದಲನ್ನು ಮಡಚುವಂತಿಲ್ಲ. ಅದಕ್ಕೆ ಥರ್ಮಾಕೋಲ್ ತಲೆಯೇ ಬೇಕು. ಯಾವ ವಿಗ್ ಆದರೂ ಪೂರ್ತಿ ಒಣಗುವ ಮೊದಲೇ ಮುಚ್ಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆ.

ವೇಷ ಕಟ್ಟುವಷ್ಟೇ ಶ್ರದ್ಧೆ ಅದನ್ನು ಕಾಯುವುದಕ್ಕೂ ಬೇಕು. ಹೊಸ ವಿಗ್ ಕೊಳ್ಳುವವರು ಅಂದೇ ಒಂದು ಒಳ್ಳೆಯ ಬಾಚಣಿಗೆಯನ್ನೂ ಕೊಂಡುಬಿಡಿ.