ಒತ್ತಕ್ಷರದಿಂದ ಇಳಿಯುವ ಭಯ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ನಾಟಕಕ್ಕೆ ಇರುವ ಮನ್ನಣೆ ದೊಡ್ಡದು. ಅಶ್ವತ್ಥಾಮ ನಡುರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿ, ಮಲಗಿದವರನ್ನು ಕೊಲ್ಲುವ ಕಥೆ ಅದು. ಆ ಹೆಸರನ್ನು ಗೋಡೆಯ ಮೇಲೆ ಬರೆಯುವುದೆಂದರೆ ಕೈ ಪಳಗಿದ ಪೇಂಟರನಿಗೆ ಹಬ್ಬ. ಕಕಾರದ ಕೆಳಗೆ ತ ಒತ್ತು, ತಕಾರದ ಕೆಳಗೆ ರ ಒತ್ತು. ಒತ್ತಿನ ತುದಿಯನ್ನು ಕುಂಚದಿಂದ ತುಸು ಕೆಳಕ್ಕೆ ಎಳೆದರೆ ಸಾಕು, ರಕ್ತ ಇಳಿಯತೊಡಗುತ್ತದೆ. ಕನ್ನಡ ಲಿಪಿಯಲ್ಲಿ ಭಯಕ್ಕೆ ಜಾಗವಿರುವುದು ಸಾಲಿನ ಕೆಳಗೆ ಎಂದೇ ನನ್ನ ಗಟ್ಟಿ ನಂಬಿಕೆ.

ಈಗ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲೆಡೆ ಈ ಕೆಲಸ ಫ್ಲೆಕ್ಸ್ ಅಂಗಡಿಯ ಪಾಲಾಗಿದೆ. ‘ನುಡಿ’ ತಂತ್ರಾಂಶದ ದಪ್ಪ ಅಕ್ಷರ ಆರಿಸಿ, ಕೆಂಪು ತುಂಬಿ, ಸುತ್ತ ಮುಳ್ಳು ಹಚ್ಚಿಬಿಡುತ್ತಾರೆ. ಈ ಮುಳ್ಳಿನ ಮಾದರಿ ಯುರೋಪಿನ ಗಾಥಿಕ್ ಅಕ್ಷರದ್ದು. ಗುಟೆನ್‌ಬರ್ಗ್ 1455ರ ಸುಮಾರಿಗೆ 42 ಸಾಲಿನ ಬೈಬಲ್ ಅಚ್ಚು ಹಾಕಿದ್ದು ಅದರಲ್ಲೇ. ಆಗ ಅದು ದೇವರ ಪುಸ್ತಕದ ಅಕ್ಷರ. ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿ ಹೊರತಂದು, ಮರುವರ್ಷದ ಮುದ್ರಣದಲ್ಲಿ ಅದನ್ನು ಗಾಥಿಕ್ ಕಥೆ ಎಂದು ಕರೆದ. ದೆವ್ವ, ಪಾಳು ಕೋಟೆಗಳ ನಂಟು ಆ ಹೆಸರಿಗೆ ಅಂಟಿದ್ದು ಆಮೇಲೆ.

ಮುಳ್ಳನ್ನು ಎರವಲು ತಂದವರು ಅದರ ನಿಜವಾದ ಗುಟ್ಟನ್ನು ತರಲಿಲ್ಲ. ಯುರೋಪಿನ ಲಿಪಿಕಾರರು ಅಗಲ ಮೂತಿಯ ಲೇಖನಿಯನ್ನು ಓರೆಯಾಗಿ ಹಿಡಿದು, ಗೆರೆಯನ್ನು ಬಾಗಿಸದೆ ಮುರಿದು ಬರೆಯುತ್ತಿದ್ದರು. ಕಂಬದಂಥ ಗೆರೆಗಳು ಒತ್ತೊತ್ತಾಗಿ ನಿಂತು ಅಕ್ಷರದೊಳಗಿನ ಬಿಳಿಯನ್ನು ನುಂಗುತ್ತಿದ್ದವು, ಇಡೀ ಪುಟ ಕಪ್ಪಿಡುತ್ತಿತ್ತು. ನಮ್ಮ ದುಂಡು ಅಕ್ಷರದಲ್ಲೂ ಗೆರೆ ದಪ್ಪಗಾಗಿಸಿ ಒಳಬಿಳಿ ಕಿರಿದು ಮಾಡಬಹುದು. ಆದರೆ ಎಚ್ಚರ ಬೇಕು. ದ–ಧಗಳನ್ನು ಬೇರೆ ಮಾಡುವುದು ಬುಡದ ಒಂದು ಸೀಳು. ಬ–ಭಗಳಲ್ಲಿ ಆ ಸೀಳಿನ ಜೊತೆ ತಲೆಕಟ್ಟೂ ಬೇರೆ. ಪ–ಷಗಳನ್ನು ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಗೆರೆ. ಕಪ್ಪು ಅತಿಯಾದರೆ ಸೀಳು ಮುಚ್ಚಿಹೋಗಿ ‘ಭೂತ’ ‘ಬೂತ’ದಂತೆ ಕಾಣುತ್ತದೆ, ಹೆದರಬೇಕಾದವರು ನಕ್ಕು ಮುಂದೆ ಸಾಗುತ್ತಾರೆ. ಹೀಗಾಗಿ ಭಯದ ಅಕ್ಷರ ರಚಿಸುವವರು ಮೊದಲು ಬರೆದು ನೋಡಬೇಕಾದದ್ದು ಭ, ಧ, ಷ ಈ ಮೂರನ್ನು.

ಕಲಿಯಲು ದೂರ ಹೋಗಬೇಕಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಇಳಿಬಿಸಿಲಿನ ಹೊತ್ತಿಗೆ ಹೋಗಿ ಶಾಸನದ ಕಲ್ಲು ನೋಡಿ. ಅಕ್ಷರ ದುಂಡಗೇ ಇದೆ, ಒಂದು ಮುಳ್ಳೂ ಇಲ್ಲ. ಉಳಿ ಕಡಿದ ತಗ್ಗಿನಲ್ಲಿ ನೆರಳು ತುಂಬಿಕೊಂಡಾಗ ಅದಕ್ಕೆ ಬರುವ ಗಾಂಭೀರ್ಯ ಯಾವ ಫ್ಲೆಕ್ಸಿನಲ್ಲೂ ನಾನು ಕಂಡಿಲ್ಲ.

ಫ್ಲೆಕ್ಸ್ ವಿನ್ಯಾಸ ಮಾಡುವ ತರುಣರಲ್ಲಿ ಒಂದು ಕೋರಿಕೆ. ಮುಂದಿನ ಜಾತ್ರೆಯ ನಾಟಕಕ್ಕೆ ಊರಿನ ಹಳೆಯ ಪೇಂಟರನ್ನು ಕರೆದು ಹೆಸರನ್ನು ಕೈಯಿಂದ ಬರೆಸಿ, ಅದನ್ನೇ ಸ್ಕ್ಯಾನ್ ಮಾಡಿ ಬಳಸಿ. ಅವರ ಕೂಲಿ ಕೊಡಿ. ಫ್ಲೆಕ್ಸಿನ ಮೂಲೆಯಲ್ಲಿ ಅವರ ಹೆಸರನ್ನೂ ಹಾಕಿ.